ವಾಡೆಯೊಳಗಿನ ಚನ್ನೇಶ

ಕಡಬದ ಚನ್ನೇಶ ಲೋಕದ ಗದ್ದಲವನ್ನು ಮೊದಲ ಸಲ ಕೇಳಿಸಿಕೊಂಡದ್ದು ರಾಗಿ ವಾಡೆಯೊಳಗೆ ಕೂತು. ವರ್ಷದ ರಾಗಿಯನ್ನೆಲ್ಲ ತುಂಬಿಡುವ, ಹೊಟ್ಟೆ ಉಬ್ಬಿದ, ಆಳೆತ್ತರದ ಮಣ್ಣಿನ ವಾಡೆ ಅದು. ಮನೆಯಲ್ಲಿ ಹೊಡೆದಾಟದ ವಾಸನೆ ಬಡಿದ ಕೂಡಲೇ ತಾಯಿ ಬಸವಲಿಂಗಮ್ಮ ಕಿರಿಮಗನನ್ನು ರಟ್ಟೆ ಹಿಡಿದೆತ್ತಿ ಖಾಲಿ ವಾಡೆಯೊಳಗೆ ಇಳಿಬಿಟ್ಟು, ಅದರ ಬಾಯಿಗೆ ಮೊರ ಮುಚ್ಚಿ, ಒನಕೆ ಹಿಡಿದು ತಾನೂ ನಡುಮನೆಗೆ ನುಗ್ಗುತ್ತಿದ್ದಳು. ಈ ಕಾಳಗಗಳು ಎಷ್ಟು ಒತ್ತೊತ್ತಾಗಿ ನಡೆಯುತ್ತಿದ್ದವೆಂದರೆ, ಹುಡುಗ ಅಂಬೆಗಾಲು ಬಿಟ್ಟು ನಡೆಯಲು ಕಲಿತದ್ದೇ ವಾಡೆಯ ಒಳಗೋಡೆ ಹಿಡಿದುಕೊಂಡು. ಹೊರಗೆ ಬಂದ ಮೇಲೂ ಬಹಳ ದಿನ ದುಂಡಗೇ ನಡೆಯುತ್ತಿದ್ದನಂತೆ.

ಹೊಡೆದಾಟ ಹೊರಗಿನವರ ಜೊತೆಯಲ್ಲ. ಚನ್ನೇಶನ ಅಪ್ಪನಿಗೂ ಅಪ್ಪನ ತಮ್ಮ ರುದ್ರಯ್ಯನಿಗೂ ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಟ್ಟಿದ್ದರು. ಆ ಗೋಡೆ ಬೀಳದೆ ನಿಂತಿರುವುದು ಗಾರೆಯಿಂದಲ್ಲ, ಎರಡೂ ಕಡೆ ಮೆತ್ತಿದ ರಕ್ತದಿಂದ ಎಂಬ ಮಾತು ಊರಲ್ಲಿತ್ತು. ಅಣ್ಣತಮ್ಮಂದಿರಿಬ್ಬರೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಹೊಟ್ಟೆತುಂಬ ತಿಂದು, ಆಮೇಲೆ ನೆಮ್ಮದಿಯಾಗಿ ಒಬ್ಬರ ಹಲ್ಲನ್ನು ಇನ್ನೊಬ್ಬರು ಉದುರಿಸುತ್ತಿದ್ದರು. ಒಮ್ಮೆ ರುದ್ರಯ್ಯ ಅಣ್ಣನ ಕೆನ್ನೆಗೆ ಬಿಗಿದ ಏಟಿಗೆ ಅಟ್ಟದ ಮೇಲಿದ್ದ ಕೊಬ್ಬರಿಯೆಲ್ಲ ತಾನಾಗಿಯೇ ಹೋಳಾಯಿತು. ಸದ್ದು ನಿಟ್ಟೂರು ಸ್ಟೇಷನ್ನಿಗೆ ಮುಟ್ಟಿ, ಅಲ್ಲಿ ನಿಂತಿದ್ದ ಪ್ಯಾಸೆಂಜರ್ ಗಾಡಿ ಹೊರಡುವ ಗಂಟೆ ಬಾರಿಸಿತೆಂದು ತಿಳಿದು ಹೊರಟೇಬಿಟ್ಟಿತು. ಇಂಥ ಅಪ್ಪ ಕೊನೆಗೆ ಸತ್ತದ್ದು ಜ್ವರ ಬಂದು, ಹಾಸಿಗೆಯಲ್ಲಿ ಮಲಗಿ. ರುದ್ರಯ್ಯ ಅದನ್ನು ತನಗಾದ ಅವಮಾನವೆಂದು ತಿಳಿದು ಗುಂಡಿಯ ಪಕ್ಕ ನಿಂತು ಗಳಗಳನೆ ಅತ್ತ.

ವಾಡೆಯೊಳಗೆ ಸದ್ದು ನೆಟ್ಟಗೆ ಬರುವುದಿಲ್ಲ. ಹೊರಗೆ ಬಿದ್ದ ಒಂದು ಏಟು ಒಳಗಿನ ಹೊಟ್ಟೆಗೆ ಬಡಿದು, ತಿರುಗಿ, ಮತ್ತೆ ಬಡಿದು, ನಾಲ್ಕಾರು ಏಟಾಗುತ್ತದೆ. ಮೊದಲ ಏಟಿನ ಬಾಲ ಎರಡನೆಯದರ ತಲೆಯ ಮೇಲೆ ಕೂರುತ್ತದೆ. ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತ ಚನ್ನೇಶ ಈ ಗೋಜಲನ್ನು ಬಿಡಿಸುವುದನ್ನೇ ಆಟ ಮಾಡಿಕೊಂಡ. ಇದು ಒನಕೆ, ಇದು ಒನಕೆಯ ಮಾರ್ದನಿ, ಇದು ಬೆನ್ನು, ಇದು ಕಂಬ. ಹೊರಗೆ ಏನಾಗುತ್ತಿದೆಯೆಂದು ಯಾರೂ ಹೇಳಿಕೊಡದೆ ಬರೀ ಬಂದ ಸದ್ದಿನಿಂದಲೇ ಕಾಳಗವನ್ನೆಲ್ಲ ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದ. ಒಂದೇ ಒಂದು ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ: ಬಿದ್ದವರು ಯಾರು, ಬೀಳಿಸಿದವರು ಯಾರು. ಎರಡೂ ಮನೆಯವರದು ಒಬ್ಬನೇ ತಾತನ ಗಂಟಲು, ಅದೇ ಬೈಗುಳ, ಅದೇ ನರಳಾಟ. ಕೊನೆಗೆ ಬಸವಲಿಂಗಮ್ಮ ಮೊರ ಸರಿಸಿ, ಏದುಸಿರು ಬಿಡುತ್ತ, "ಅವ್ರು" ಎಂದೋ "ನಮ್ಮೋರು" ಎಂದೋ ಬಿದ್ದವರ ಗುರುತಿಗೆ ಒಂದು ಮಾತು ಹೇಳುತ್ತಿದ್ದಳು. ಆ ಒಂದು ಮಾತಿಗೆ ಕೇಳಿದ್ದೆಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತಿತ್ತು.

ಒಮ್ಮೆ ಅವಸರಪಟ್ಟು ತಾನೇ ಮೊರ ಎತ್ತಿ ತಲೆ ಹೊರಗೆ ಹಾಕಿದ. ಅಪ್ಪನಿಗೆಂದು ಬರುತ್ತಿದ್ದ ಚಿಕ್ಕಪ್ಪನ ಅಂಗೈ ದಾರಿಯಲ್ಲಿ ಇವನ ಎಡಗಿವಿಯನ್ನು ಕಂಡು ಅಲ್ಲೇ ಇಳಿಯಿತು. ಆ ಕಿವಿ ಇವತ್ತಿಗೂ ಮಂದ.

ಇಂಥವನು ಓದಿ, ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರಾಗಿ, ಪಿಎಚ್‌ಡಿಗೆ ಸೇರಿದಾಗ ಆರಿಸಿಕೊಂಡ ವಿಷಯ ಬ್ಲೈಂಡ್ ಚಾನೆಲ್ ಎಸ್ಟಿಮೇಷನ್ ಎಂದರೆ ಆಶ್ಚರ್ಯವಿಲ್ಲ. ರೇಡಿಯೊ ಅಲೆಯೂ ವಾಡೆಯೊಳಗಿನ ಸದ್ದಿನಂಥದೇ. ಗುಡ್ಡಕ್ಕೆ, ಗೋಡೆಗೆ, ತಗಡಿಗೆ ಬಡಿದು, ತನ್ನ ಮೇಲೆ ತಾನೇ ಬಿದ್ದು, ಕಲಸಿಹೋಗಿ ಬರುತ್ತದೆ. ಬುದ್ಧಿವಂತರು ಮೊದಲು ಎರಡೂ ಕಡೆಗೆ ಗೊತ್ತಿರುವ ಒಂದು ಪಾಠವನ್ನು ಕಳಿಸಿ, ಅದು ಎಷ್ಟು ಕೆಟ್ಟು ಬಂತೆಂದು ನೋಡಿ ದಾರಿಯ ಗುಣವನ್ನು ತಿಳಿದುಕೊಳ್ಳುತ್ತಾರೆ. ಆ ಪಾಠವೂ ಇಲ್ಲದೆ, ಬಂದ ಗೋಜಲಿನಿಂದಲೇ ದಾರಿಯನ್ನೂ ಮಾತನ್ನೂ ಎರಡನ್ನೂ ಬಿಡಿಸುವುದು ಚನ್ನೇಶನ ವಿದ್ಯೆ.

ಅವನ ಗೈಡು ಯೋಗನರಸಿಂಹ ಮೇಷ್ಟ್ರು ಸೊಳ್ಳೆಯನ್ನೂ ಕ್ಷಮೆ ಕೇಳಿ ಓಡಿಸುವ ಮನುಷ್ಯ. ಅವರು ಆಗಾಗ ಕನ್ನಡಕ ಒರೆಸುತ್ತ ಹೇಳುತ್ತಿದ್ದರು: "ನೋಡಯ್ಯಾ, ಕುರುಡು ಲೆಕ್ಕದಲ್ಲಿ ಎಲ್ಲಾ ಸಿಗತ್ತೆ, ಪ್ಲಸ್ಸೋ ಮೈನಸ್ಸೋ ಅನ್ನೋ ಚಿಹ್ನೆ ಒಂದು ಸಿಗಲ್ಲ. ಸೊನ್ನೆಯೆಲ್ಲಾ ಒಂದಾಗಿ, ಒಂದೆಲ್ಲಾ ಸೊನ್ನೆಯಾಗಿ ಪೂರ್ತಿ ತಲೆಕೆಳಗಾದ್ರೂ ಲೆಕ್ಕಕ್ಕೆ ಅದು ಸರಿಯಾಗೇ ಕಾಣತ್ತೆ. ಗೊತ್ತಿರೋ ಸತ್ಯ ಒಂದಾದ್ರೂ ಬೇಕು." ಚನ್ನೇಶ ತಲೆಯಾಡಿಸಿ, ತನ್ನ ಪ್ರಬಂಧಗಳಲ್ಲೆಲ್ಲ "ಚಿಹ್ನೆ ಗೊತ್ತಿದೆ ಎಂದು ಭಾವಿಸೋಣ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದ. ಕಂಪ್ಯೂಟರಿನಲ್ಲಿ ಕಳಿಸುವವನೂ ಅವನೇ, ಕೇಳುವವನೂ ಅವನೇ. ಭಾವಿಸಿದರೆ ಯಾರ ಕೈಯೂ ಮುರಿಯುತ್ತಿರಲಿಲ್ಲ.

ಇತ್ತ ಕಡಬದಲ್ಲಿ ಕಾಳಗ ಮುಂದಿನ ತಲೆಮಾರಿಗೆ ದಾಟಿತ್ತು. ಈಗ ಈ ಕಡೆ ಚನ್ನೇಶನ ಅಣ್ಣ ಅಟವೀಶ, ಆ ಕಡೆ ರುದ್ರಯ್ಯ ಮತ್ತು ಅವನ ಮಗ ಸಿದ್ದಾರ್ಥ. ಅಕ್ಕಪಕ್ಕದ ಎರಡು ತೆಂಗಿನ ತೋಟಕ್ಕೆ ಇದ್ದದ್ದು ಒಂದೇ ಬೋರು. ಅದರ ಬಾಯಲ್ಲಿ ಒಂದು ಯಂತ್ರದ ವಾಲ್ವು. ಎಡಕ್ಕೆ ತಿರುಗಿದರೆ ಅಟವೀಶನ ತೋಟಕ್ಕೆ ನೀರು, ಬಲಕ್ಕೆ ತಿರುಗಿದರೆ ರುದ್ರಯ್ಯನ ತೋಟಕ್ಕೆ. ತಿರುಗಿಸಲು ಎರಡೂ ಮನೆಗೆ ಒಂದೊಂದು ರಿಮೋಟು. ಮೋಟರಿನ ಕರೆಂಟು ಯಾವಾಗ ಬರುತ್ತದೆಂದು ಶಿವನಿಗೂ ಗೊತ್ತಿಲ್ಲವಾದ್ದರಿಂದ ಗಡಿಯಾರದ ಸರದಿ ಕೆಲಸಕ್ಕೆ ಬರುವುದಿಲ್ಲ. ಒಂದು ಸಲ ಕರೆಂಟು ಬಂದರೆ ಇವರಿಗೆ, ಮುಂದಿನ ಸಲ ಬಂದರೆ ಅವರಿಗೆ. ಇದು ಎರಡೂ ಮನೆ ಒಪ್ಪಿದ ಏಕೈಕ ಸಂಗತಿ, ಅದನ್ನೂ ಒಪ್ಪುವ ಹೊತ್ತಿಗೆ ಒಂದು ಮಂಡಿಚಿಪ್ಪು ಹೋಗಿತ್ತು.

ಯಾರೋ ಸರದಿ ತಪ್ಪಿಸಿ ರಿಮೋಟು ಒತ್ತುತ್ತಿದ್ದರು. ರುದ್ರಯ್ಯ ಅಟವೀಶನೇ ಕಳ್ಳ ಎಂದ. ಅಟವೀಶ ಅದಕ್ಕಿಂತ ಜೋರಾಗಿ ರುದ್ರಯ್ಯನೇ ಕಳ್ಳ ಎಂದ. ಒಂದು ಬೆಳಿಗ್ಗೆ ಅಟವೀಶನ ತೆಂಗಿನ ಸಸಿಗಳೆಲ್ಲ ಕುತ್ತಿಗೆ ಕಡಿದುಕೊಂಡು ಬಿದ್ದಿದ್ದವು. ಅದೇ ಸಂಜೆ ಸಿದ್ದಾರ್ಥನ ತಲೆ ಕಾಯಿ ಸುಲಿಯುವ ಸಲಾಕೆಗೆ ಸಿಕ್ಕಿ ಸೀಳಿತು. ಹೊಲಿಗೆ ಹಾಕಿದ ಡಾಕ್ಟರು ದಾರ ಮುಗಿದುಹೋಗಿ ಪಕ್ಕದ ಟೈಲರನ್ನು ಕೂಗಿದರೆಂದು ಹೇಳುವವರಿದ್ದಾರೆ. ಯಾವ ಕಡೆ ವಾಲ್ವು ತಿರುಗಿದೆಯೆಂದು ದೀಪ ಹಚ್ಚಿ ತೋರಿಸುತ್ತಿದ್ದ ಡಬ್ಬ ಕೆಟ್ಟು ಕೂತಿತ್ತು, ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿತ್ತು. ವಾಲ್ವಿನ ಪೆಟ್ಟಿಗೆ ಮಾತ್ರ, ಕೇಳುವವರಿಲ್ಲದಿದ್ದರೂ, ತಾನು ಯಾವ ಕಡೆಗಿದ್ದೇನೆಂದು ರೇಡಿಯೊ ಅಲೆಯಲ್ಲಿ ಒದರುತ್ತಲೇ ಇತ್ತು.

ಬಸವಲಿಂಗಮ್ಮ ಫೋನು ಮಾಡಿದಳು. "ನೀನ್ ಏನೋ ಓದಿದೀಯಲ್ಲಪ್ಪ, ಕದಿಯೋರ್ ಯಾರು ಅಂತ ಒಂದ್ ತಿಳ್ಕೊಂಡು ಹೇಳ್ಬುಡು. ಗೊತ್ತಾಗ್ದೆ ಹೊಡೆದಾಡ್ತವ್ರೆ. ಗೊತ್ತಾದ್ರೆ ನಿಲ್ಲುಸ್ತಾರೆ. ಇಲ್ದಿದ್ರೆ ಈ ಸಲ ಒಂದ್ ಹೆಣ ಬೀಳ್ತದೆ ಕಣೋ."

ಚನ್ನೇಶನಿಗೆ ಹೆಣದ ಭಯಕ್ಕಿಂತ ಹೆಚ್ಚಾಗಿ ಖುಷಿಯೇ ಆಯಿತೆನ್ನಬೇಕು. ಏನು ಕಳಿಸುತ್ತಿದ್ದಾರೆಂದು ಯಾರಿಗೂ ಗೊತ್ತಿಲ್ಲದ ನಿಜವಾದ ಅಲೆ! ಕೆರೆ ಏರಿಯ ಮೇಲೆ ಪುಟ್ಟಗಂಗಮ್ಮನ ಟೀ ಅಂಗಡಿ ಇತ್ತು. ಎರಡೂ ಮನೆಯವರು ಅಲ್ಲಿ ಟೀ ಕುಡಿಯುತ್ತಿದ್ದುದರಿಂದ ಅದಕ್ಕೆ ಮಾತ್ರ ಯಾರೂ ಕಲ್ಲು ಹೊಡೆಯುತ್ತಿರಲಿಲ್ಲ. ಅದರ ತಗಡಿನ ಮೇಲೆ ಒಂದು ಆಂಟೆನಾ ಕಟ್ಟಿ, ಅದು ಕೇಳಿದ್ದೆಲ್ಲ ತನ್ನ ಲ್ಯಾಪ್‌ಟಾಪಿಗೆ ಬರುವಂತೆ ಮಾಡಿದ.

"ಏನ್ಲಾ ಇದು, ಹಂಚಿಕಡ್ಡಿ ಪೊರಕೇನ ತಲೆಕೆಳಗೆ ಕಟ್ದಂಗದೆ?" ಎಂದಳು ಪುಟ್ಟಗಂಗಮ್ಮ.

"ಕಿವಿ ಕಣಕ್ಕ. ನಂದೊಂದು ಕಿವಿ ಹೋಗಿದೆಯಲ್ಲ, ಅದರ ಬದಲಿಗೆ."

ಅಲೆ ಬಂಡೆಗೆ ಬಡಿದಿತ್ತು, ಕೆರೆ ನೀರಿಗೆ ಬಡಿದಿತ್ತು, ಒಂದೊಂದು ತೆಂಗಿನ ಮರವನ್ನೂ ಮಾತಾಡಿಸಿಕೊಂಡು ಬಂದಿತ್ತು. ಎಂಟು ದಿನ ಕೇಳಿಸಿಕೊಂಡದ್ದನ್ನು ಚನ್ನೇಶ ಊಟ ಬಿಟ್ಟು ಕೂತು ಬಿಡಿಸಿದ. ಕೊನೆಗೆ ಗೋಜಲು ಕಳೆದು, ಒಂದು ಒಂದು ಸೊನ್ನೆ ಒಂದು ಎಂದು ಮಣಿ ಪೋಣಿಸಿದ ಹಾಗೆ ಸಾಲು ಬಂತು. ಒಂದು ಕಡೆಗೆ ಮುಕ್ಕಾಲು ಪಾಲು ನೀರು, ಇನ್ನೊಂದು ಕಡೆಗೆ ಕಾಲು. ಯಾವುದು ಎಡ, ಯಾವುದು ಬಲ? ಅವನ ಬೆರಳು ಅಭ್ಯಾಸದಂತೆ ಭಾವಿಸಿತು. ಎಡಗಿವಿಯೂ ಸ್ವಲ್ಪ ಪಿಸುಗುಟ್ಟಿರಬೇಕು. ಮುಕ್ಕಾಲು ರುದ್ರಯ್ಯನದು ಎಂದು ತೀರ್ಮಾನವಾಯಿತು.

ಮರುದಿನ ಮಧ್ಯಾಹ್ನ ಎರಡೂ ಮನೆಯವರು ಅಟವೀಶನ ತೋಟದಲ್ಲಿ ಸೇರಿದರು. ಸೇರಿದರೆಂದರೆ, ಮಚ್ಚು ಸಲಾಕೆಗಳನ್ನು ಬೆನ್ನ ಹಿಂದೆ ಹಿಡಿದು ಎದುರುಬದುರು ನಿಂತರು. ಚನ್ನೇಶ ಲ್ಯಾಪ್‌ಟಾಪು ತೆರೆದು, ಮೇಷ್ಟ್ರ ದನಿಯಲ್ಲಿ ಚೆನ್ನಾಗಿ ವಿವರಿಸಿ, ಚಿಕ್ಕಪ್ಪನ ಹೆಸರು ಹೇಳಿದ.

ರುದ್ರಯ್ಯ ಎದೆಯ ಮೇಲಿನ ಲಿಂಗವನ್ನು ಮುಟ್ಟಿದ. "ಲಿಂಗದಾಣೆಗೂ ನಾನ್ ಒತ್ತಿಲ್ಲ ಕಣ್ ಮಗ. ನಿನ್ ಡಬ್ಬ ಸುಳ್ಳು ಹೇಳ್ತದೆ."

"ಕದ್ದ ಬಾಯಲ್ಲಿ ಲಿಂಗದ ಮಾತು ಬೇರೆ!" ಎಂದು ಅಟವೀಶ ಮಚ್ಚು ಮುಂದೆ ತಂದ.

ಗೊತ್ತಾದರೆ ನಿಲ್ಲಿಸುತ್ತಾರೆಂದು ಬಸವಲಿಂಗಮ್ಮ ನಂಬಿದ್ದಳು. ಗೊತ್ತಾದ್ದರಿಂದ ಅವರ ಗುರಿ ಇನ್ನಷ್ಟು ಚೊಕ್ಕವಾಯಿತು, ಅಷ್ಟೆ. ಅಷ್ಟರಲ್ಲಿ "ಕರೆಂಟ್ ಬಂತು" ಎಂದು ಯಾರೋ ಕೂಗಿದರು, ಮೋಟರು ಗುಂಯ್‌ಗುಟ್ಟಿತು, ಯಾರೂ ಅತ್ತ ತಿರುಗಲಿಲ್ಲ. ಸಿದ್ದಾರ್ಥ ತಲೆಯ ಪಟ್ಟಿಯೊಂದಿಗೇ ಗೂಳಿಯಂತೆ ನುಗ್ಗಿ ಅಟವೀಶನ ಎದೆಗೆ ಗುದ್ದಿದ. ಕಾಲಡಿ ಡ್ರಿಪ್ ಪೈಪುಗಳು ಪಟಪಟನೆ ಕಿತ್ತುಬಂದವು, ನೆಲ ಕೆಸರಾಯಿತು, ಎಲ್ಲರೂ ಒಬ್ಬರ ಮೇಲೊಬ್ಬರು ಜಾರಿ ಉರುಳಿದರು. ಎಮ್ಮೆಗಳು ಕೂಡ ಅವತ್ತು ಕೆರೆಗೆ ಹೋಗದೆ ಬೇಲಿಯಾಚೆ ನಿಂತು ಕಲಿತುಕೊಂಡವಂತೆ. ಒಬ್ಬನ ದವಡೆ, ಒಬ್ಬನ ಮುಂಗೈ, ಚನ್ನೇಶನ ಎರಡು ಮುಂಬಲ್ಲು.

ಆಮೇಲೆ ಅಟವೀಶನ ಮಚ್ಚು ಬಂತು. ರುದ್ರಯ್ಯ ತಲೆ ಕಾಪಾಡಿಕೊಳ್ಳಲು ಬಲಗೈ ಎತ್ತಿದ. ಎರಡು ಬೆರಳು ಕೆಸರಿಗೆ ಉದುರಿದವು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಉಪ್ಪು ಖಾರ ತುಸು ಮುಂದಾಗಿರಬಹುದು. ಇದರಲ್ಲಿ ಇಲ್ಲ. ಮುದುಕ ಕೈಯನ್ನೇ ನೋಡುತ್ತ ಕೂತುಬಿಟ್ಟ. ಚನ್ನೇಶ ಮಂಡಿಯೂರಿ, ಬಾಯಿಂದ ರಕ್ತ ಸೋರಿಸುತ್ತ, ಉಕ್ಕಿ ಬರುತ್ತಿದ್ದ ಕೆಸರು ನೀರಿನೊಳಗೆ ಕೈಯಾಡಿಸಿ ಚಿಕ್ಕಪ್ಪನ ಬೆರಳು ಹುಡುಕಿದ. ಒಂದು ಸಿಕ್ಕಿತು. ಇನ್ನೊಂದು ಸಿಗಲಿಲ್ಲ.

ರುದ್ರಯ್ಯನನ್ನು ತುಮಕೂರಿಗೆ ಸಾಗಿಸಿದರು, ಚನ್ನೇಶನನ್ನು ಗುಬ್ಬಿ ಆಸ್ಪತ್ರೆಯಲ್ಲಿ ಮಲಗಿಸಿದರು. ಮಾರನೆಯ ಬೆಳಿಗ್ಗೆ ಊದಿದ ತುಟಿಯಲ್ಲೇ ಅವನು ಯೋಗನರಸಿಂಹ ಮೇಷ್ಟ್ರಿಗೆ ಫೋನಿನಲ್ಲಿ ಎಲ್ಲ ಹೇಳಿದ.

"ಬೆರಳು ಹೋಯ್ತೇ? ಶಿವಶಿವಾ... ಚನ್ನೇಶ, ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಚಿಹ್ನೆ ಹೇಗೆ ಗೊತ್ತಾಯ್ತು ನಿಂಗೆ?"

"ಭಾವಿಸ್ದೆ, ಸರ್."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಫೋನು ಇಟ್ಟು ಕಣ್ಣು ಮುಚ್ಚಿದ. ಮೊರ ಮುಚ್ಚಿದ ವಾಡೆಯೊಳಗೆ ಮತ್ತೆ ಕೂತಂತಾಯಿತು. ಗೊತ್ತಿರುವ ಸತ್ಯ ಒಂದು ಬೇಕು, ಎರಡೂ ಮನೆಯವರು ಇಲ್ಲವೆನ್ನಲಾಗದಂಥದು. ಕಣ್ಣು ತೆರೆದಾಗ ಎದುರಿಗೆ ಕಂಡದ್ದು ಮಂಚದ ಕಂಬಿಗೆ ನೇತುಹಾಕಿದ್ದ ಅವನದೇ ಅಂಗಿ. ಕುತ್ತಿಗೆಯಿಂದ ಅಂಚಿನವರೆಗೆ ಒಣಗಿ ಬಿರಿದ ಕೆಸರು.

ಕೆಸರು ಎಲ್ಲಿಂದ ಬಂತು? ಅವರು ಹೊಡೆದಾಡಿದ್ದು ಅಟವೀಶನ ತೋಟದಲ್ಲಿ. ಕರೆಂಟು ಬಂದ ಮೇಲೆ ಅಲ್ಲಿ ನೀರು ಉಕ್ಕಿತ್ತು, ಅವನೇ ಕೈಯಾಡಿಸಿದ್ದ. ಅಂದರೆ ಆ ಹೊತ್ತಿಗೆ ವಾಲ್ವು ಅಟವೀಶನ ಕಡೆಗಿತ್ತು. ಪುಟ್ಟಗಂಗಮ್ಮನ ತಗಡಿನ ಮೇಲಿನ ಕಿವಿ ಹೊಡೆದಾಟದ ಹೊತ್ತಿಗೂ ಎಚ್ಚರವಾಗಿತ್ತಲ್ಲ. ತಾಯಿ ಮಂಚದಡಿ ಇಟ್ಟುಹೋಗಿದ್ದ ಲ್ಯಾಪ್‌ಟಾಪು ತೆರೆದು ಆ ಹೊತ್ತಿನ ಸಾಲನ್ನು ನೋಡಿದ. ಅವನ ಲೆಕ್ಕ ಹೇಳುತ್ತಿತ್ತು: ನೀರು ರುದ್ರಯ್ಯನ ಕಡೆಗೆ.

ಇಡೀ ಲೆಕ್ಕ ತಲೆಕೆಳಗು. ಮುಕ್ಕಾಲು ಕದ್ದದ್ದು ಅಣ್ಣ. ಲಿಂಗ ಮುಟ್ಟಿದ ಮುದುಕ ನಿಜ ಹೇಳಿದ್ದ, ಆ ನಿಜಕ್ಕೆ ಎರಡು ಬೆರಳು ಕೊಟ್ಟಿದ್ದ.

ಅಷ್ಟರಲ್ಲಿ ತಾಯಿಯ ಫೋನು. "ಸಿದ್ದಾರ್ಥ ಮಚ್ಚಿಡ್ಕಂಡು ಏರಿ ಮೇಲೆ ನಿಂತವ್ನೆ, ಅಟವೀಶನ್ನ ಕಡೀದೆ ಟೀ ಕುಡಿಯಲ್ಲ ಅಂತಾವ್ನೆ. ಅಟವೀಶನ ಮಾವ ಕೊತ್ತಗೆರೆಯಿಂದ ಟೆಂಪೋ ತುಂಬ ಜನ ತಂದವ್ನೆ. ನೀನ್ ಬರ್ಬೇಡ, ಅಲ್ಲೇ ಇರು."

ತಾಯಿ ಮತ್ತೆ ಮೊರ ಮುಚ್ಚುತ್ತಿದ್ದಳು. ಚನ್ನೇಶ ಕೆಸರಿನ ಅಂಗಿಯನ್ನೇ ತೊಟ್ಟು, ನರ್ಸಿನ ಕೂಗು ಕಿವಿಗೆ ಹಾಕಿಕೊಳ್ಳದೆ, ಆಸ್ಪತ್ರೆ ಮುಂದೆ ಸಿಕ್ಕ ಆಟೋ ಹತ್ತಿದ.

ಏರಿಯ ಮೇಲೆ ಟೀ ಅಂಗಡಿಗೆ ಆ ಪಕ್ಕ ಸಿದ್ದಾರ್ಥನ ಕಡೆಯವರು, ಈ ಪಕ್ಕ ಅಟವೀಶ, ಅವನ ಮಾವ ಕರಿಸಿದ್ದಪ್ಪ ಮತ್ತು ಟೆಂಪೋದಿಂದ ಇಳಿದ ದಂಡು. ಕೊತ್ತಗೆರೆ ಇರುವ ಕುಣಿಗಲ್ ತಾಲ್ಲೂಕಿನಲ್ಲಿ ಅವತ್ತು ಒಂದು ದೊಣ್ಣೆಯೂ ಉಳಿದಿರಲಿಕ್ಕಿಲ್ಲ. ಬಸವಲಿಂಗಮ್ಮ ಒನಕೆ ಊರಿಕೊಂಡು ಮಗನ ಪಕ್ಕದಲ್ಲಿ ನಿಂತಿದ್ದಳು. ಚನ್ನೇಶ ಆಟೋದಿಂದಿಳಿದು ನೇರ ನಡುವೆ ಹೋಗಿ ನಿಂತ.

"ನಿಲ್ಲಿ. ನಾನು ಹೇಳಿದ್ದು ತಪ್ಪು. ಚಿಕ್ಕಪ್ಪ ಕದ್ದಿಲ್ಲ. ಕದ್ದಿದ್ದು ನಮ್ಮಣ್ಣ."

ಕೆರೆಯ ಬೆಳ್ಳಕ್ಕಿಗಳೂ ಒಂದು ಕ್ಷಣ ರೆಕ್ಕೆ ನಿಲ್ಲಿಸಿದವು. ಮೊದಲು ಅಟವೀಶನೇ ನಕ್ಕ. "ನಿನ್ನೆ ಅವ್ರು ಅಂದೆ, ಇವತ್ತು ನಾನು ಅಂತೀಯ, ನಾಳೆ ಪುಟ್ಟಗಂಗಮ್ಮ ಅಂತೀಯ. ಇದಕ್ಕೆ ಪೇಟೇಲಿ ಸಂಬ್ಳ ಬೇರೆ ಕೊಡ್ತಾರೇನ್ಲಾ ನಿಂಗೆ?"

ಕೊತ್ತಗೆರೆಯ ದಂಡು ಗೊಳ್ಳೆಂದಿತು. ಚನ್ನೇಶ ಎದೆಯ ಮೇಲಿನ ಅಂಗಿಯನ್ನು ಹಿಡಿದೆಳೆದು ತೋರಿಸಿದ.

"ನನ್ ಲೆಕ್ಕ ನಂಬಬೇಡಿ. ಇದನ್ನ ನಂಬಿ. ಈ ಕೆಸ್ರು ಯಾರ ತೋಟದ್ದು? ಸಿದ್ದಾರ್ಥ, ನಿನ್ ಪ್ಯಾಂಟಲ್ಲೂ ಅದೆ, ಹೇಳು."

"ನಿಮ್ದೇ ತೋಟದ್ದು. ಅದಕ್ಕೇನೀಗ?"

"ಕರೆಂಟ್ ಬಂದಾಗ ನೀರು ನಮ್ ತೋಟಕ್ಕೆ ಬಂತು. ಅದನ್ನ ಎಲ್ರೂ ಬಿದ್ದು ಒದ್ದಾಡಿ ನೋಡಿದೀವಿ. ನನ್ ಲೆಕ್ಕ ಮಾತ್ರ ಆ ಹೊತ್ತಲ್ಲಿ ನಿಮ್ ತೋಟಕ್ಕೆ ಅಂತದೆ. ಅದು ಉಲ್ಟಾ ಅಂದ್ರೆ ಎಲ್ಲಾ ಉಲ್ಟಾ. ನಿಮ್ಮದು ಅಂದಿದ್ ಮುಕ್ಕಾಲೆಲ್ಲಾ ನಮ್ದು."

ಕರಿಸಿದ್ದಪ್ಪ ಪುಟ್ಟಗಂಗಮ್ಮನ ಕಡೆ ತಿರುಗಿದ. "ಏನವ್ವಾ, ಕೆಸ್ರಾಗಿದ್ದು ನಿಜವಾ?"

"ನಿಜವಾ ಅಂತ ಕೇಳ್ತೀಯಲ್ಲಣ್ಣ! ಅಲ್ಲಿಂದ ಬಂದೋರೆಲ್ಲಾ ನನ್ ಬೆಂಚಿಗೆ ಮೆತ್ತವ್ರೆ, ಕೆರ್ಕೊಂಡ್ ನೋಡು. ಒಬ್ರಾದ್ರೂ ತೊಳ್ಕೊಟ್ರಾ?"

ಕರಿಸಿದ್ದಪ್ಪ ಬೆಂಚನ್ನು ನೋಡಿದ, ಅಳಿಯನನ್ನು ನೋಡಿದ, ಕೈಲಿದ್ದ ದೊಣ್ಣೆಯನ್ನು ಮೆಲ್ಲಗೆ ನೆಲಕ್ಕೆ ಊರಿ ಊರುಗೋಲಾಗಿಸಿಕೊಂಡ. ಅಟವೀಶನ ಮುಖ ಕಪ್ಪಿಟ್ಟಿತು. ಅವನ ಕೈಗೆ ಸಲಾಕೆ ಸಿಕ್ಕಿತು. "ಮನೆ ಹಾಳ್ ಮಾಡೋ ನನ್ಮಗ್ನೆ!" ಎಂದು ತಮ್ಮನ ಬಲಗಿವಿಯ ಮೇಲೆ ಬೀಸಿದ. ಚನ್ನೇಶ ಬೇರು ಕಿತ್ತ ತೆಂಗಿನಂತೆ ಉರುಳಿದ.

ಬಿದ್ದಲ್ಲಿಂದ ಅವನಿಗೆ ಕಂಡದ್ದಿಷ್ಟು: ಸಿದ್ದಾರ್ಥ ಹಾರಿ ಬಂದು ಅಟವೀಶನ ನೆತ್ತಿಗೆ ನೇರವಾಗಿ ಮಚ್ಚು ಎತ್ತಿದ. ಅದು ಇಳಿಯುವ ಮೊದಲೇ ಬಸವಲಿಂಗಮ್ಮನ ಒನಕೆ ಕೆಳಗಿನಿಂದ ಬೀಸಿ ಬಂದು ಅವಳ ಹಿರಿಮಗನ ಮೊಣಕಾಲಿಗೆ ಬಡಿಯಿತು. ಮೂಳೆ ಮುರಿದ ಸದ್ದು ಚನ್ನೇಶನ ಕಿವಿಗಲ್ಲ, ನೆಲಕ್ಕೆ ತಾಗಿದ ಅವನ ಕೆನ್ನೆಗೆ ಕೇಳಿಸಿತು. ಅಟವೀಶ ಸಲಾಕೆ ಬಿಟ್ಟು ಬಿದ್ದು ಹೊರಳಾಡಿದ. ಮುದುಕಿ ಅವನ ಮೇಲೆ ಅಡ್ಡ ನಿಂತು, ಒನಕೆಯನ್ನು ಇನ್ನೊಂದು ಸಲ ಎತ್ತಿ, ಅವನ ಬಲಗೈ ಮೇಲೆ ಕುಟ್ಟಿದಳು.

"ದೊಡ್ಡವ್ವಾ, ಸರ್ಕೋ!" ಎಂದು ಸಿದ್ದಾರ್ಥ ಕೂಗಿದ. ಮಚ್ಚು ಇನ್ನೂ ಗಾಳಿಯಲ್ಲೇ ಇತ್ತು.

"ಸರ್ಕಲ್ಲ. ನೀನ್ ಹೊಡೆದ್ರೆ ನಾಳೆ ಇವನ ಮಗ ನಿಂಗ್ ಹೊಡೀತಾನೆ. ನಾನ್ ಹೊಡೆದ್ರೆ ನಂಗೆ ತಿರುಗ್ಸಿ ಹೊಡೆಯೋರ್ ಯಾರೂ ಇಲ್ಲ. ನಿಮ್ಮಪ್ಪನ ಬೆರಳಿಗೆ ಇವನ ಕೈ ಆಯ್ತು. ಇನ್ನೂ ಸಾಲ್ದು ಅಂದ್ರೆ ಹೇಳು, ನಾನೇ ಕುಟ್ತೀನಿ."

ಮಚ್ಚು ಮೆಲ್ಲಗೆ ಕೆಳಗಿಳಿಯಿತು. ಸಿದ್ದಾರ್ಥ ಬೆಂಚಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತ. ಪುಟ್ಟಗಂಗಮ್ಮ ಅವನ ಮುಂದೆ ಟೀ ಇಟ್ಟಳು.

ಅಟವೀಶ ಈಗ ಕುಂಟುತ್ತಾನೆ. ರುದ್ರಯ್ಯ ಎಂಟು ಬೆರಳಲ್ಲೇ ಲಿಂಗಪೂಜೆ ಮಾಡುತ್ತಾನೆ. ಕರೆಂಟು ಬಂದಾಗ ಎರಡೂ ಮನೆಯಿಂದ ಒಬ್ಬೊಬ್ಬರು ಬಂದು, ಮಾತಿಲ್ಲದೆ, ವಾಲ್ವಿನ ಹತ್ತಿರ ನಿಲ್ಲುತ್ತಾರೆ. ಚನ್ನೇಶ ಪಿಎಚ್‌ಡಿ ಇನ್ನೂ ಮುಗಿಸಿಲ್ಲ. ಭಾವಿಸಿದ ಸಾಲುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಪ್ರಬಂಧದಲ್ಲಿ ಉಳಿದದ್ದು ಕಡಿಮೆ.

ಅವತ್ತು ಏರಿಯ ಮೇಲೆ ಅಷ್ಟು ಕಂಡು ಎಚ್ಚರ ತಪ್ಪಿದ್ದ ಅವನು ಮತ್ತೆ ಕಣ್ಣು ಬಿಟ್ಟಾಗ ಎರಡು ಕಿವಿಯಲ್ಲೂ ಬರೀ ಗುಂಯ್ ಎನ್ನುವ ಸದ್ದು. ಸುತ್ತ ಬಾಯಿಗಳು ಆಡುತ್ತಿದ್ದವು, ಯಾರೋ ನೆಲದ ಮೇಲೆ ಹೊರಳುತ್ತಿದ್ದರು, ಯಾರೆಂದು ತಿ‌ಳಿಯಲಿಲ್ಲ. ಬಸವಲಿಂಗಮ್ಮ ಒನಕೆ ಬದಿಗಿಟ್ಟು, ಏದುಸಿರು ಬಿಡುತ್ತ, ಅವನ ಮೇಲೆ ಬಾಗಿದಳು. ತುಟಿ ಅಲುಗಿದ್ದನ್ನು ನೋಡಿಯೇ ಅವನಿಗೆ ಮಾತು ತಿಳಿಯಿತು.

"ನಮ್ಮೋರು."